ನೈರೋಬಿಯಲ್ಲಿ ವೆಲ್ಡರ್‌ಗಳನ್ನು ಹುಡುಕಿದ ಬಗೆ

ಕೊಲ್ಲಿ ರಾಷ್ಟ್ರಗಳಲ್ಲಿ ರಿಫೈನರಿಯ ಪೈಪಿಂಗ್ ಕೆಲಸ ಹಿಡಿಯುವ ಯಾವುದೇ ಗುತ್ತಿಗೆ ಕಂಪನಿಯ ನೇಮಕಾತಿ ವಿಭಾಗಕ್ಕೆ ಹೋಗಿ, ಮುಂದಿನ ಶಟ್‌ಡೌನ್‌ಗೆ (ರಿಪೇರಿಗಾಗಿ ಸ್ಥಾವರ ನಿಲ್ಲಿಸುವ ಅವಧಿಗೆ) ವೆಲ್ಡರ್‌ಗಳನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಫಿಲಿಪ್ಪೀನ್ಸ್. ಪೂರ್ವ ಆಫ್ರಿಕಾದ ಹೆಸರು ಅಲ್ಲಿ ಬರುವುದು ಸೆಕ್ಯೂರಿಟಿ ಗಾರ್ಡ್‌ಗಳು, ಸ್ವಚ್ಛತಾ ಕೆಲಸದವರು, ಮನೆಗೆಲಸದವರು ಬೇಕಾದಾಗ ಮಾತ್ರ. ಅಬುಧಾಬಿ ಎಮಿರೇಟ್‌ನಲ್ಲಿ ವೆಲ್ಡಿಂಗ್ ಎಂಜಿನಿಯರ್ ಆಗಿ ಹಲವು ವರ್ಷ ದುಡಿದ ನಾನೂ ಈ ಪಟ್ಟಿಯನ್ನು ಪ್ರಶ್ನಿಸದ ವಾತಾವರಣದಲ್ಲೇ ಬೆಳೆದವನು. ಕೆನ್ಯಾದಿಂದ 6ಜಿ ವೆಲ್ಡರ್‌ಗಳನ್ನು, ಅಂದರೆ ಓರೆಯಾಗಿ ಬಿಗಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯಬಲ್ಲವರನ್ನು, ಆರಿಸಿ ತರುವ ಕೆಲಸ 2023ರಲ್ಲಿ ನನ್ನ ಪಾಲಿಗೆ ಬಂದಾಗ ಏನೇನಾಯಿತು, ಎಲ್ಲೆಲ್ಲಿ ತೊಡಕಾಯಿತು ಎಂಬುದನ್ನು, ಇದೇ ಕಸುಬಿನಲ್ಲಿರುವ ನಮ್ಮವರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೆನ್ಯಾದ ಯೋಚನೆ ಬಂದದ್ದು ದಯೆಯಿಂದಲ್ಲ, ಅಗತ್ಯದಿಂದ. ಆ ವರ್ಷ ಸುತ್ತಮುತ್ತಲಿನ ದೇಶಗಳಲ್ಲೆಲ್ಲ ದೊಡ್ಡ ಯೋಜನೆಗಳು ಒಟ್ಟೊಟ್ಟಿಗೆ ನಡೆಯುತ್ತಿದ್ದುದರಿಂದ, ಭಾರತದಿಂದ ಬರಬೇಕಿದ್ದ ಒಳ್ಳೆಯ ಟಿಗ್ (ಟಂಗ್‌ಸ್ಟನ್ ಕಡ್ಡಿಯ ಆರ್ಕ್‌ನಿಂದ, ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಬೆಸೆಯುವ) ವೆಲ್ಡರ್‌ಗಳು ಒಪ್ಪಿಗೆ ಕೊಟ್ಟ ಮೇಲೂ ಬೇರೆ ಕಡೆ ಹೋಗುತ್ತಿದ್ದರು. ನಮ್ಮ ಯೋಜನಾ ವಿಭಾಗದಲ್ಲಿ ಹಿಂದೆ ಕೆನ್ಯಾದ ಓಲ್ಕಾರಿಯಾದಲ್ಲಿ ಕೆಲಸ ಮಾಡಿ ಬಂದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, ಅಲ್ಲಿನ ಹಬೆಯ ಪೈಪ್‌ಲೈನ್‌ಗಳನ್ನು ಬೆಸೆದವರು ಈಗ ಏನು ಮಾಡುತ್ತಿದ್ದಾರೆಂದು ಯಾರಾದರೂ ವಿಚಾರಿಸಿದ್ದೀರಾ ಎಂದು ಸಭೆಯಲ್ಲಿ ಕೇಳಿದರು. ಯಾರೂ ವಿಚಾರಿಸಿರಲಿಲ್ಲ.

ಓಲ್ಕಾರಿಯಾ ಎಂಬುದು ನೈರೋಬಿಯ ವಾಯವ್ಯಕ್ಕೆ, ನೈವಾಷಾ ಸರೋವರದ ಹತ್ತಿರ, ರಿಫ್ಟ್ ಕಣಿವೆಯಲ್ಲಿರುವ ಭೂಶಾಖ ವಿದ್ಯುತ್ ಪ್ರದೇಶ. ಅಲ್ಲಿ ಮೊದಲ ಘಟಕ 1981ರಲ್ಲೇ ಶುರುವಾಯಿತು. 2014ರಲ್ಲಿ ನಾಲ್ಕನೆಯ ಸ್ಥಾವರ, 2019ರಲ್ಲಿ ಐದನೆಯದು ಸೇರಿಕೊಂಡವು. ಕೆನ್ಯಾದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಭೂಮಿಯೊಳಗಿನ ಹಬೆಯಿಂದಲೇ ಬರುತ್ತದೆ. ಕೊಳವೆಬಾವಿಗಳಿಂದ ಟರ್ಬೈನ್‌ವರೆಗೆ ಆ ಹಬೆಯನ್ನು ಒಯ್ಯಲು ಕಿಲೋಮೀಟರುಗಟ್ಟಲೆ ಪೈಪು ಬೇಕು, ಪ್ರತಿ ಜೋಡಣೆಯನ್ನೂ ಯಾರೋ ಒಬ್ಬರು ಕೈಯಲ್ಲಿ ಬೆಸೆದಿರಬೇಕು. ಇದಲ್ಲದೆ ಮೊಂಬಾಸಾದಿಂದ ನೈರೋಬಿಗೆ ಪೆಟ್ರೋಲಿಯಂ ಸಾಗಿಸುವ, 1978ರ ಹಳೆಯ ಮಾರ್ಗದ ಬದಲಿಗೆ ಹಾಕಿದ, 450 ಕಿಲೋಮೀಟರ್ ಉದ್ದದ 20 ಇಂಚಿನ ಹೊಸ ಪೈಪ್‌ಲೈನ್ 2018ರಲ್ಲಿ ಮುಗಿದಿತ್ತು. ಇಂಥ ಯೋಜನೆಗಳು ನಡೆಯುವಾಗ ನೂರಾರು ಮಂದಿಗೆ ಕೈತುಂಬ ಕೆಲಸವಿರುತ್ತದೆ, ಮುಗಿದ ಮರುತಿಂಗಳು ಏನೂ ಇರುವುದಿಲ್ಲ. ಆಮೇಲೆ ಅವರು ನಗರದ ಬದಿಯ ಬಯಲು ವರ್ಕ್‌ಶಾಪ್‌ಗಳಲ್ಲಿ ಗೇಟು, ಕಿಟಕಿಯ ಗ್ರಿಲ್, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುತ್ತ ದಿನ ಕಳೆಯುತ್ತಾರೆ. ಹಬೆಯ ಒತ್ತಡಕ್ಕೆ ತಡೆಯುವ ಜೋಡಣೆ ಮಾಡಬಲ್ಲ ಕೈ ಹಾಗೆ ಗ್ರಿಲ್ ಬೆಸೆಯುತ್ತಿರುವುದನ್ನು ಕಣ್ಣಾರೆ ಕಂಡಾಗ ನನಗೆ ನಿಜವಾಗಿ ಸಂಕಟವಾಯಿತು.

ಮೊದಲ ಅಡ್ಡಿ ಬಂದದ್ದು ನಮ್ಮದೇ ಕಚೇರಿಯಿಂದ. ನೇಮಕಾತಿ ನಮೂನೆಯಲ್ಲಿ ‘ಕನಿಷ್ಠ ಐದು ವರ್ಷ ಗಲ್ಫ್ ಅನುಭವ’ ಎಂಬ ಸಾಲು ಕಡ್ಡಾಯವಾಗಿತ್ತು. ಗಲ್ಫ್‌ಗೆ ಯಾರೂ ಕರೆಯದ ದೇಶದವನಿಗೆ ಗಲ್ಫ್ ಅನುಭವ ಎಲ್ಲಿಂದ ಬರಬೇಕು? ಜೊತೆಗೆ ಎರಡು ವರ್ಷದ ಐಟಿಐಗೆ ಸಮನಾದ ಪ್ರಮಾಣಪತ್ರ, ಹಿಂದಿನ ಕಂಪನಿಗಳ ವೆಲ್ಡರ್ ಅರ್ಹತಾ ಪತ್ರ, ಅನುಭವ ಪತ್ರ ಎಲ್ಲವನ್ನೂ ಕೇಳಿದ್ದರು. ಕೆನ್ಯಾದಲ್ಲಿ ರಾಷ್ಟ್ರೀಯ ಕೈಗಾರಿಕಾ ತರಬೇತಿ ಪ್ರಾಧಿಕಾರ ನಡೆಸುವ ಕಸುಬು ಪರೀಕ್ಷೆಗಳಿವೆ, ಮೂರನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಏರುತ್ತ ಹೋಗುವ ವ್ಯವಸ್ಥೆ ಅದು. ನಮ್ಮ ನಮೂನೆಯಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ.

ಈ ಕಾಗದಗಳ ಬಗ್ಗೆ ನಾನು ಆಡಳಿತದ ಮುಂದೆ ಇಟ್ಟ ವಾದ ಬಹಳ ಸರಳ, ಮತ್ತು ಅದು ನನ್ನದಲ್ಲ, ನಾವು ದಿನವೂ ಪಾಲಿಸುವ ಸಂಹಿತೆಯದೇ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಸಂಹಿತೆಯ ಒಂಬತ್ತನೆಯ ವಿಭಾಗದ ಪ್ರಕಾರ, ತನ್ನ ವೆಲ್ಡರ್‌ಗಳನ್ನು ಪರೀಕ್ಷಿಸಿ ಅರ್ಹಗೊಳಿಸುವ ಹೊಣೆ ಆಯಾ ಗುತ್ತಿಗೆದಾರನದು. ಇನ್ನೊಂದು ಕಂಪನಿ ಕೊಟ್ಟ ಪತ್ರವನ್ನು ತೋರಿಸಿ ಸಾಮಾನ್ಯವಾಗಿ ಆ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಒಮ್ಮೆ ಅರ್ಹನಾದವನು ಕೂಡ ಆ ವಿಧಾನದಲ್ಲಿ ಆರು ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಅವನ ಅರ್ಹತೆ ಅಲ್ಲಿಗೇ ಮುಗಿಯುತ್ತದೆ. ಅಂದ ಮೇಲೆ ಮಂಗಳೂರಿನಿಂದ ಬರಲಿ, ಮನಿಲಾದಿಂದ ಬರಲಿ, ಎಲ್ಲರನ್ನೂ ನಾವು ಮತ್ತೆ ಪರೀಕ್ಷೆಗೆ ಕೂರಿಸಲೇಬೇಕು. ಹೇಗಿದ್ದರೂ ಕೈ ನೋಡಿಯೇ ತೀರ್ಮಾನಿಸುವ ಕೆಲಸಕ್ಕೆ ದೇಶದ ಹೆಸರನ್ನು ಮೊದಲ ಜರಡಿಯಾಗಿ ಹಿಡಿಯುವುದರಲ್ಲಿ ಯಾವ ತಾಂತ್ರಿಕ ಕಾರಣವೂ ಇಲ್ಲ. ಈ ಮಾತನ್ನು ಮೂರು ವಿಭಾಗಗಳಿಗೆ ಬರೆದು, ಸಂಹಿತೆಯ ಪುಟ ಲಗತ್ತಿಸಿ, ಕೊನೆಗೆ ಆ ಗಲ್ಫ್ ಅನುಭವದ ಸಾಲನ್ನು ಒಂದು ಬ್ಯಾಚಿನ ಮಟ್ಟಿಗೆ ತೆಗೆಸಿದೆವು.

ಅರ್ಜಿಗಳು ಬಂದ ಮೇಲೆ ಫೋನಿನಲ್ಲಿ ಮೊದಲ ಸುತ್ತಿನ ಮಾತುಕತೆ ನಡೆಸಿದೆ. ಎಷ್ಟು ವರ್ಷ ಅನುಭವ ಎಂದು ಕೇಳುವುದನ್ನು ಬಿಟ್ಟು, ರೂಟ್ ಗ್ಯಾಪ್ (ಬೆಸೆಯಬೇಕಾದ ಎರಡು ಪೈಪುಗಳ ನಡುವಿನ ಸಂದು) ಎಷ್ಟು ಇಡುತ್ತೀರಿ, ಬೆಸೆಯುತ್ತ ಹೋದಂತೆ ಗ್ಯಾಪ್ ಮುಚ್ಚಿಕೊಂಡು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಕೆಲಸ ಬಲ್ಲವನು ಇದಕ್ಕೆ ಒಂದು ಕ್ಷಣವೂ ತಡವರಿಸುವುದಿಲ್ಲ. ತೆಳು ಡಿಸ್ಕ್ ಹಾಕಿ ಗ್ಯಾಪ್ ತೆರೆಯುತ್ತೇನೆ, ಟ್ಯಾಕ್‌ನ (ಪೈಪುಗಳನ್ನು ಮೊದಲು ಹಿಡಿದಿಡುವ ಚಿಕ್ಕ ಬೆಸುಗೆಯ) ತುದಿಯನ್ನು ಗ್ರೈಂಡ್ ಮಾಡಿ ಸವೆಸುತ್ತೇನೆ ಎಂದು ನೇರವಾಗಿ ಹೇಳುತ್ತಾನೆ. ಕೆನ್ಯಾದವರ ಇಂಗ್ಲಿಷ್ ಚೆನ್ನಾಗಿರುವುದರಿಂದ ಈ ಹಂತ ಬೇಗ ಮುಗಿಯಿತು.

ಈ ಮಾತುಕತೆಯಲ್ಲಿ ತಿಳಿದ ಮುಖ್ಯ ಸಂಗತಿಯೊಂದಿದೆ. ಪೈಪ್‌ಲೈನ್ ಯೋಜನೆಗಳಿಂದ ಬಂದವರು ಸೆಲ್ಯುಲೋಸ್ ಲೇಪದ ರಾಡಿನಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತ ಬೆಸೆಯುವ ಪದ್ಧತಿಯಲ್ಲಿ ಪಳಗಿದವರು. ನಮ್ಮ ರಿಫೈನರಿ ಕೆಲಸದಲ್ಲಾದರೋ ರೂಟ್, ಅಂದರೆ ಒಳಗಿನ ಮೊದಲ ಪದರ, ಟಿಗ್‌ನಲ್ಲಿ ಆಗಬೇಕು, ಮೇಲಿನ ಪದರಗಳು 7018 ಎಂಬ ಬಗೆಯ ವೆಲ್ಡಿಂಗ್ ರಾಡಿನಲ್ಲಿ ಕೆಳಗಿನಿಂದ ಮೇಲೆ ಹತ್ತುತ್ತ ಆಗಬೇಕು. ಕೈ ಅದೇ, ಕಣ್ಣು ಅದೇ, ಆದರೆ ಲಯ ಬೇರೆ. ಇಂಥವರನ್ನು ಮೊದಲ ದಿನವೇ ಪರೀಕ್ಷೆಗೆ ನಿಲ್ಲಿಸಿ ನಪಾಸು ಮಾಡುವುದು ಸುಲಭ. ಅದರ ಬದಲು ನೈರೋಬಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ವರ್ಕ್‌ಶಾಪ್ ಬಾಡಿಗೆಗೆ ಹಿಡಿದು, ಪರೀಕ್ಷೆಗೆ ಮುಂಚೆ ಕೆಲವು ವಾರ ಅಭ್ಯಾಸಕ್ಕೆ ಪೈಪಿನ ತುಂಡುಗಳು, ಸಂದು ತುಂಬುವ ಫಿಲ್ಲರ್ ವೈರು, ಗ್ಯಾಸು ಎಲ್ಲವನ್ನೂ ಒದಗಿಸಬೇಕೆಂದು ಕೇಳಿಕೊಂಡೆ. ಖರ್ಚಿನ ಲೆಕ್ಕ ನೋಡಿ ಮುಖ ಸಿಂಡರಿಸಿದವರಿಗೆ, ಒಬ್ಬ ವೆಲ್ಡರ್ ಬಂದು ಸೈಟಿನಲ್ಲಿ ನಪಾಸಾಗಿ ವಾಪಸು ಹೋದರೆ ಆಗುವ ಖರ್ಚನ್ನು ಪಕ್ಕದಲ್ಲೇ ಬರೆದು ತೋರಿಸಿದೆ.

ಪರೀಕ್ಷೆ ಶುರುವಾದ ಮೊದಲ ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆರು ಇಂಚಿನ ದಪ್ಪ ಗೋಡೆಯ ಪೈಪನ್ನು ನಲವತ್ತೈದು ಡಿಗ್ರಿ ಓರೆಯಾಗಿ ಸ್ಟ್ಯಾಂಡಿಗೆ ಬಿಗಿಯುತ್ತಾರೆ. ಅದನ್ನು ತಿರುಗಿಸುವಂತಿಲ್ಲ, ವೆಲ್ಡರ್ ತಾನೇ ಸುತ್ತ ಬಾಗಿ, ಕೂತು, ಮಲಗಿ ಬೆಸೆಯಬೇಕು. ಇದೇ 6ಜಿ. ಬೆಳಿಗ್ಗೆ ಕೂತವರೆಲ್ಲರ ರೂಟ್‌ನಲ್ಲೂ ಸೂಜಿಮೊನೆಯಂಥ ರಂಧ್ರಗಳು ಕಂಡವು. ಒಬ್ಬಿಬ್ಬರದಾಗಿದ್ದರೆ ಕೈಯ ದೋಷವೆನ್ನಬಹುದಿತ್ತು. ನನ್ನ ಜೊತೆ ಬಂದಿದ್ದ ನಮ್ಮ ಫೋರ್‌ಮನ್ ಕುಂದಾಪುರ ಕಡೆಯವರು, ಮೂವತ್ತು ವರ್ಷದಿಂದ ಇದೇ ಕೆಲಸ ನೋಡಿದವರು. ಅವರು ಏನೂ ಮಾತಾಡದೆ ಒಂದು ಶುದ್ಧವಾದ ಪ್ಲೇಟ್ ತೆಗೆದುಕೊಂಡು, ಹೊಸದಾಗಿ ಮೊನೆ ಮಾಡಿದ ಟಂಗ್‌ಸ್ಟನ್ ಹಾಕಿ, ಫಿಲ್ಲರ್ ಇಲ್ಲದೆ ಆರ್ಕ್ ಹೊತ್ತಿಸಿ ಕೆಲವು ಸೆಕೆಂಡು ಹಿಡಿದು ಆರಿಸಿದರು. ಗ್ಯಾಸ್ ಸರಿಯಿದ್ದರೆ ಟಂಗ್‌ಸ್ಟನ್ ಮೊನೆ ಬೆಳ್ಳಿಯಂತೆ ಹೊಳೆಯಬೇಕು. ಅದು ನೀಲಿಗಪ್ಪಾಗಿತ್ತು. ಹೋಸು, ಜೋಡಣೆ ಎಲ್ಲ ನೋಡಿ ಸಿಲಿಂಡರ್ ಬದಲಿಸಿ ಮತ್ತೆ ಮಾಡಿದರೆ ಮೊನೆ ಹೊಳೆಯಿತು. ಕೊಟ್ಟ ಆರ್ಗಾನ್ ಅಶುದ್ಧವಾಗಿತ್ತು.

ಆ ಬೆಳಗಿನ ಫಲಿತಾಂಶವನ್ನೆಲ್ಲ ರದ್ದು ಮಾಡಿ, ಬೇರೆ ಕಡೆಯಿಂದ ಗ್ಯಾಸ್ ತರಿಸಿ, ಎಲ್ಲರಿಗೂ ಹೊಸ ಕೂಪನ್ (ಪರೀಕ್ಷೆಯ ಪೈಪ್ ತುಂಡು) ಕೊಟ್ಟೆವು. ಅಬುಧಾಬಿಯಲ್ಲಿ ಕೂತು ಬರೀ ಎಕ್ಸ್‌ರೇ ಫಿಲ್ಮ್ ನೋಡುವವರು ಆ ದಿನದ ವರದಿಯನ್ನು ಕಂಡಿದ್ದರೆ ‘ಅಲ್ಲಿನವರಿಗೆ ಕೆಲಸ ಬರುವುದಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುತ್ತಿದ್ದರು. ಕಡೆಗಣಿಸಿದ ದೇಶಗಳ ಬಗ್ಗೆ ಇರುವ ಎಷ್ಟು ಅಭಿಪ್ರಾಯಗಳು ಹೀಗೆ ಕೆಟ್ಟ ಸಿಲಿಂಡರಿನಿಂದಲೋ, ಕಾಯಿಸದ ರಾಡಿನಿಂದಲೋ ಹುಟ್ಟಿರಬಹುದು ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ. ರಾಡಿನ ವಿಷಯದಲ್ಲೂ ನಾವು ಎಚ್ಚರ ವಹಿಸಬೇಕಾಯಿತು. 7018 ರಾಡು ತೇವ ಹೀರಿದರೆ ವೆಲ್ಡ್‌ನಲ್ಲಿ ಬಿರುಕು, ರಂಧ್ರ ಎರಡೂ ಬರುತ್ತವೆ; ಅದನ್ನು ಓವನ್‌ನಲ್ಲಿ ಕಾಯಿಸಿ, ಬಿಸಿ ಡಬ್ಬಿಯಲ್ಲಿಟ್ಟುಕೊಂಡು ಬೇಕಾದಷ್ಟನ್ನೇ ಹೊರತೆಗೆಯಬೇಕು. ವರ್ಕ್‌ಶಾಪಿನ ಓವನ್‌ನ ಥರ್ಮಾಮೀಟರ್ ಕೆಲಸ ಮಾಡುತ್ತಿರಲಿಲ್ಲ, ಅದನ್ನೂ ಬದಲಿಸಿದೆವು.

ಓಲ್ಕಾರಿಯಾದಲ್ಲಿ ಎರಡು ಸ್ಥಾವರಗಳಿಗೆ ದುಡಿದಿದ್ದ, ನಲವತ್ತು ದಾಟಿದ ಒಬ್ಬ ವೆಲ್ಡರ್ ಕೆಲಸ ಮಾಡುವುದನ್ನು ನಾನು ಮೊದಲಿನಿಂದ ಕೊನೆಯವರೆಗೂ ಪಕ್ಕದಲ್ಲೇ ಕೂತು ನೋಡಿದೆ. ಅವರು ಟ್ಯಾಕ್‌ಗಳ ಎರಡೂ ತುದಿಯನ್ನು ಗರಿಯ ಅಂಚಿನಷ್ಟು ತೆಳುವಾಗುವವರೆಗೆ ಗ್ರೈಂಡ್ ಮಾಡಿದರು, ಬೆರಳಿನಿಂದ ಸವರಿ ನೋಡಿದರು, ಮತ್ತೆ ಗ್ರೈಂಡ್ ಮಾಡಿದರು. ಪೈಪಿನ ಅಡಿಭಾಗಕ್ಕೆ ಬಂದಾಗ ನೆಲಕ್ಕೆ ಬೆನ್ನು ಕೊಟ್ಟು, ಬಲಗೈಯಲ್ಲಿ ವೆಲ್ಡಿಂಗ್ ಟಾರ್ಚ್ ಹಿಡಿದು ಅರ್ಧ ಸುತ್ತು ಮುಗಿಸಿದರು. ಇನ್ನೊಂದು ಬದಿಗೆ ಬೇಕೆಂದೇ ನಾವು ಅಡ್ಡ ಕೊಳವೆಯೊಂದನ್ನು ಇಟ್ಟಿದ್ದೆವು. ನಿಜವಾದ ಸೈಟಿನಲ್ಲಿ ಜಾಗ ಹಾಗೇ ಇಕ್ಕಟ್ಟಾಗಿರುತ್ತದೆ. ಅವರು ಸ್ವಲ್ಪವೂ ಗಡಿಬಿಡಿ ಮಾಡದೆ ಟಾರ್ಚನ್ನು ಎಡಗೈಗೆ ಬದಲಿಸಿಕೊಂಡರು, ಬಲಗೈಯಿಂದ ಫಿಲ್ಲರ್ ಅದ್ದುತ್ತ ಹೋದರು. ಅದ್ದುವ ಅಂತರ ಎರಡೂ ಕಡೆ ಒಂದೇ ಸಮ. ಫೋರ್‌ಮನ್ ಬಗ್ಗಿ ನೋಡಿ, “ಕೈ ಕಾಣಿ ಮಾರಾಯ್ರೆ, ಒಂಚೂರೂ ಅಲ್ಲಾಡುದಿಲ್ಲ” ಎಂದರು. ಪೈಪಿನೊಳಗೆ ಟಾರ್ಚ್‌ಲೈಟ್ ಬಿಟ್ಟು ನೋಡಿದರೆ ರೂಟ್ ಸುತ್ತಲೂ ಒಂದೇ ಎತ್ತರಕ್ಕೆ ನಿಂತಿತ್ತು. ಆ ಮನುಷ್ಯನ ಬಳಿ ಇದ್ದ ಕಾಗದವೆಂದರೆ ಎರಡನೆಯ ದರ್ಜೆಯ ಕಸುಬು ಪರೀಕ್ಷೆಯ ಪತ್ರವೊಂದೇ; ಹಳೆಯ ಗುತ್ತಿಗೆದಾರರು ದೇಶ ಬಿಟ್ಟುಹೋದ ಮೇಲೆ ಅನುಭವ ಪತ್ರ ಕೊಡಲು ಯಾರೂ ಉಳಿದಿರಲಿಲ್ಲ. ಹಳೆಯ ನಮೂನೆಯಂತೆ ಹೋಗಿದ್ದರೆ ಅವರ ಅರ್ಜಿ ನನ್ನ ಮೇಜಿಗೇ ಬರುತ್ತಿರಲಿಲ್ಲ.

ಬೆಸುಗೆಯನ್ನು ಕಣ್ಣಿನಿಂದ ನೋಡುವ ತಪಾಸಣೆ, ಎಕ್ಸ್‌ರೇ, ಬೆಸುಗೆಯ ತುಂಡನ್ನು ಬಗ್ಗಿಸಿ ನೋಡುವ ಬೆಂಡ್ ಪರೀಕ್ಷೆ ಎಲ್ಲ ಮುಗಿದಾಗ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೇರ್ಗಡೆಯಾಗಿದ್ದರು. ನಮ್ಮ ಮಾಮೂಲಿ ದೇಶಗಳಲ್ಲಿ ನಾನು ಕಂಡ ಪ್ರಮಾಣಕ್ಕೆ ಅದು ಕಡಿಮೆಯೇನಲ್ಲ.

ಇನ್ನು ಹಣದ ವಿಷಯ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು, ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಾರ್ಮಿಕನಿಂದ ವಸೂಲು ಮಾಡುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ನೇಮಕಾತಿ ಏಜೆನ್ಸಿಗೆ ಕೊಟ್ಟ ನಮ್ಮ ಬೇಡಿಕೆ ಪತ್ರದಲ್ಲೂ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೆವು. ಅಷ್ಟಾದರೂ ಪರೀಕ್ಷೆಗೆ ಬಂದ ಯುವಕನೊಬ್ಬ ತಾನು ಕಟ್ಟಿದ ‘ನೋಂದಣಿ ಶುಲ್ಕ’ಕ್ಕೆ ರಸೀದಿ ಯಾವಾಗ ಸಿಗುತ್ತದೆ ಎಂದು ಮೆಲ್ಲಗೆ ಕೇಳಿದ. ವಿಚಾರಿಸಿದರೆ, ನಾವು ಒಪ್ಪಂದ ಮಾಡಿಕೊಂಡಿದ್ದ ಏಜೆನ್ಸಿಯ ಕೆಳಗೆ ಉಪ ಏಜೆಂಟರಿದ್ದರು. ಊರೂರುಗಳಿಂದ ಹುಡುಗರನ್ನು ಕರೆತಂದು ಪ್ರತಿಯೊಬ್ಬರಿಂದಲೂ ಹಣ ಪಡೆದಿದ್ದರು. ಪರೀಕ್ಷೆ ನಿಲ್ಲಿಸಿದೆವು. ಹಣ ಕೊಟ್ಟವರ ಪಟ್ಟಿ ಮಾಡಿ, ಅದಷ್ಟನ್ನೂ ಏಜೆನ್ಸಿಯಿಂದ ವಾಪಸು ಕೊಡಿಸಿದ ಮೇಲೆಯೇ ಮುಂದುವರಿದೆವು. ಅಂದಿನಿಂದ ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನಿಂತು, ಯಾರಿಗೂ ಒಂದು ಶಿಲ್ಲಿಂಗ್ ಕೊಡಬೇಕಾಗಿಲ್ಲ, ಕೊಟ್ಟಿದ್ದರೆ ನನಗೆ ಹೇಳಿ ಎಂದು ಸಾರುವುದು ನನ್ನ ಮೊದಲ ಕೆಲಸವಾಯಿತು.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ನಮ್ಮಲ್ಲಿ ನೋಂದಾಯಿತ ಏಜೆಂಟ್ ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕರಾವಳಿಯಲ್ಲಿ ಅದರ ಹಲವು ಪಟ್ಟು ಕೊಟ್ಟು, ಅದಕ್ಕಾಗಿ ಅಮ್ಮನ ಕರಿಮಣಿ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ಬಂದವರ ಜೊತೆ ನಾನು ಒಂದೇ ಕೋಣೆಯಲ್ಲಿ ಇದ್ದವನು. ಮೊದಲ ವರ್ಷದ ದುಡಿಮೆಯೆಲ್ಲ ಸಾಲಕ್ಕೇ ಹೋಗುವವನು ಸುರಕ್ಷತೆಯ ಪ್ರಶ್ನೆ ಎತ್ತುವುದಿಲ್ಲ, ಮೈಗೆ ಹುಷಾರಿಲ್ಲದಿದ್ದರೂ ರಜೆ ಹಾಕುವುದಿಲ್ಲ, ತನ್ನ ಕೆಟ್ಟ ಜೋಡಣೆಯನ್ನು ತಾನೇ ತೋರಿಸಿಕೊಡುವ ಧೈರ್ಯವೂ ಮಾಡುವುದಿಲ್ಲ. ಸಾಲವಿಲ್ಲದ ವೆಲ್ಡರ್‌ನಿಂದಲೇ ಒಳ್ಳೆಯ ವೆಲ್ಡ್ ನಿರೀಕ್ಷಿಸಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಬಳದ ಮೇಲೂ ಜಗಳವಾಯಿತು. ಒಂದೇ ಕೆಲಸಕ್ಕೆ ಪಾಸ್‌ಪೋರ್ಟಿನ ಬಣ್ಣ ನೋಡಿ ಬೇರೆ ಬೇರೆ ದರ ಕೊಡುವ ರೂಢಿ ಈ ಭಾಗದಲ್ಲಿ ಹಳೆಯದು. ಕೆನ್ಯಾದವರಿಗೆ ಮೊದಲು ಸೂಚಿಸಿದ ದರ, ಅದೇ ಪರೀಕ್ಷೆ ಪಾಸಾದ ಭಾರತೀಯ ವೆಲ್ಡರ್‌ನ ದರಕ್ಕಿಂತ ಕಡಿಮೆಯಿತ್ತು. ಮೇಲೆ ಹೇಳಿದ ಅದೇ ಕಾನೂನು ರಾಷ್ಟ್ರೀಯ ಮೂಲದ ಆಧಾರದ ತಾರತಮ್ಯವನ್ನೂ ನಿಷೇಧಿಸುತ್ತದೆ ಎಂದು ನೆನಪಿಸಿದೆ. ಜೊತೆಗೆ, ಕಡಿಮೆ ದರಕ್ಕೆ ಇವರನ್ನು ತಂದರೆ ನಾಳೆ ಅದನ್ನೇ ತೋರಿಸಿ ನಮ್ಮವರ ದರವನ್ನೂ ಇಳಿಸುತ್ತಾರೆ ಎಂದು ಭಾರತೀಯ ಫೋರ್‌ಮನ್‌ಗಳು ತಾವಾಗಿಯೇ ದನಿಗೂಡಿಸಿದರು. ಮೂಲ ವೇತನ ಸಮನಾಯಿತು. ವಿಮಾನ ಟಿಕೆಟಿನ ಭತ್ಯೆಯಲ್ಲಿ ಮಾತ್ರ ವ್ಯತ್ಯಾಸ ಉಳಿಯಿತು.

ಆಮೇಲಿನದು ಕಾಗದಪತ್ರಗಳ ಓಡಾಟ. ಪೊಲೀಸರ ಸನ್ನಡತೆ ಪತ್ರಕ್ಕೆ ಬೆರಳಚ್ಚು, ವೈದ್ಯಕೀಯ ತಪಾಸಣೆ, ಹಳದಿ ಜ್ವರದ ಲಸಿಕೆ, ಕರಾರಿನ ದೃಢೀಕರಣ, ಪ್ರವೇಶ ಪರವಾನಗಿ. ಆ ವರ್ಷ ಕೆನ್ಯಾದಲ್ಲಿ ಪಾಸ್‌ಪೋರ್ಟ್ ಮುದ್ರಣವೇ ತೀರಾ ತಡವಾಗುತ್ತಿತ್ತು. ಹಲವರು ಅದಕ್ಕಾಗಿಯೇ ತಿಂಗಳುಗಟ್ಟಲೆ ಕಾದರು. ಎಮಿರೇಟ್ಸ್‌ನ ಸರ್ಕಾರಿ ನೇಮಕಾತಿ ಪತ್ರವನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಬಂಗಾಳಿ, ಉರ್ದು ಮುಂತಾದ ಭಾಷೆಗಳಲ್ಲಿ ಕೊಡುವ ವ್ಯವಸ್ಥೆಯಿದ್ದರೂ ನಮಗೆ ಸಿಕ್ಕ ನಮೂನೆಗಳಲ್ಲಿ ಸ್ವಾಹಿಲಿ ಇರಲಿಲ್ಲ. ಇಂಗ್ಲಿಷ್ ಓದಬಲ್ಲವರೇ ಆದರೂ, ಮನೆಯವರಿಗೆ ತೋರಿಸಲು ಅನುಕೂಲವಾಗಲೆಂದು ಕರಾರಿನ ಮುಖ್ಯಾಂಶಗಳನ್ನು ಸ್ವಾಹಿಲಿಯಲ್ಲಿ ಬರೆಸಿ ಜೊತೆಗೆ ಕೊಟ್ಟೆವು: ಸಂಬಳ, ಓವರ್‌ಟೈಮ್, ರಜೆ, ಪಾಸ್‌ಪೋರ್ಟ್ ಸದಾ ನಿಮ್ಮ ಕೈಯಲ್ಲೇ ಇರುತ್ತದೆ ಎಂಬ ಮಾತು.

ಟಿಕೆಟ್‌ಗಳನ್ನು ಬೇಕೆಂದೇ ಸೆಪ್ಟೆಂಬರ್ ಕಳೆದ ಮೇಲಕ್ಕೆ ಮಾಡಿಸಿದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ತಂಪು ಊರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನೇ ಎಮಿರೇಟ್ಸ್ ಸರ್ಕಾರ ನಿಷೇಧಿಸುವಷ್ಟು ಉರಿಯುವ ಜಾಗಕ್ಕೆ, ಅದೇ ಕಾಲದಲ್ಲಿ ಅವರನ್ನು ತಂದು ಪೈಪಿನ ಕೆಳಗೆ ಮಲಗಿಸುವುದು ಸರಿಯಲ್ಲವೆನಿಸಿತು. ಕ್ಯಾಂಪಿನ ಮೆಸ್ಸಿನಲ್ಲಿ ಅನ್ನ, ಚಪಾತಿ, ದಾಲ್ ಬಿಟ್ಟರೆ ಬೇರೇನೂ ಇರಲಿಲ್ಲ. ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಉಗಾಲಿ, ನಮ್ಮ ರಾಗಿ ಮುದ್ದೆಯಂತೆಯೇ, ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುವ ಊಟ. ವಾರದಲ್ಲಿ ಕೆಲವು ದಿನ ಅದನ್ನು ಮಾಡಲು ಅಡುಗೆಯವರು ಒಪ್ಪಿದರು.

ಸೈಟಿಗೆ ಬಂದ ಮೊದಲ ತಿಂಗಳು ಅವರ ಜೋಡಣೆಗಳಲ್ಲಿ ರಿಪೇರಿ ಸ್ವಲ್ಪ ಹೆಚ್ಚಿತ್ತು, ಹೆಚ್ಚಿನವು ಬೆಸುಗೆ ನಿಲ್ಲಿಸಿ ಮತ್ತೆ ಶುರು ಮಾಡುವ ಜಾಗದಲ್ಲಿ. ನಮ್ಮ ಹಳೆಯ ವೆಲ್ಡರ್‌ಗಳ ಜೊತೆ ಜೋಡಿ ಮಾಡಿ ಕೂರಿಸಿದ ಮೇಲೆ ಅದು ಇಳಿದು, ಗ್ರಾಹಕರು ಹಾಕಿದ ಮಿತಿಯೊಳಗೆ ಬಂತು, ಅಲ್ಲೇ ಉಳಿಯಿತು. ಗುಣಮಟ್ಟದ ಸಭೆಯಲ್ಲಿ ಈಗ ಯಾರೂ ಅವರ ದೇಶದ ಹೆಸರು ಎತ್ತುವುದಿಲ್ಲ. ಜೋಡಣೆಯ ನಂಬರ್, ವೆಲ್ಡರ್‌ನ ನಂಬರ್, ದೋಷದ ಬಗೆ, ಇಷ್ಟೇ ಚರ್ಚೆ.

ಬಗೆಹರಿಯದೆ ಉಳಿದದ್ದೂ ಇದೆ. ನೈರೋಬಿಯ ಪರೀಕ್ಷೆಯಲ್ಲಿ ಒಬ್ಬ ಮಹಿಳೆ ಕೂತಿದ್ದರು. ಅವರ ಎಕ್ಸ್‌ರೇ ಫಿಲ್ಮ್ ಆ ಬ್ಯಾಚಿನ ಅತ್ಯುತ್ತಮವಾದವುಗಳಲ್ಲಿ ಒಂದಾಗಿತ್ತು. ನಮ್ಮ ಸೈಟಿನ ಕ್ಯಾಂಪಿನಲ್ಲಿ ಮಹಿಳೆಯರಿಗೆ ವಸತಿಯಿಲ್ಲವೆಂಬ ಒಂದೇ ಕಾರಣಕ್ಕೆ ಅವರ ಹೆಸರನ್ನು ಆಡಳಿತ ತಡೆಹಿಡಿಯಿತು. ಒಬ್ಬರಿಗಾಗಿ ಬ್ಲಾಕ್ ಕಟ್ಟಲಾಗದು ಎಂದರು. ಹಾಗಾದರೆ ಇನ್ನಷ್ಟು ಮಹಿಳಾ ವೆಲ್ಡರ್‌ಗಳನ್ನು, ಕ್ವಾಲಿಟಿ ಇನ್‌ಸ್ಪೆಕ್ಟರ್‌ಗಳನ್ನು ಒಟ್ಟಿಗೆ ತೆಗೆದುಕೊಳ್ಳೋಣ, ಆಗ ಬ್ಲಾಕ್‌ಗೆ ಲೆಕ್ಕ ಸಿಗುತ್ತದೆ ಎಂದು ಬರೆದುಕೊಟ್ಟಿದ್ದೇನೆ. ಮುಂದಿನ ಬ್ಯಾಚಿಗೆ ಉಗಾಂಡವನ್ನೂ ಸೇರಿಸುವ ಪ್ರಸ್ತಾವ ಅದರ ಜೊತೆಗೇ ಹೋಗಿದೆ: ಅಲ್ಲಿನ ಹೊಯ್ಮಾದಿಂದ ತಾಂಜಾನಿಯದ ತಾಂಗಾ ಬಂದರಿನವರೆಗೆ 1,443 ಕಿಲೋಮೀಟರ್ ಉದ್ದದ ಕಚ್ಚಾ ತೈಲದ ಪೈಪ್‌ಲೈನ್ ಯೋಜನೆಗಾಗಿ ಎರಡೂ ದೇಶಗಳಲ್ಲಿ ವೆಲ್ಡರ್‌ಗಳು ತಯಾರಾಗಿದ್ದಾರೆ, ಆ ಕೆಲಸ ಮುಗಿದ ದಿನ ಅವರಿಗೂ ಗೇಟು ಗ್ರಿಲ್‌ಗಳೇ ಗತಿಯಾಗಬಾರದು. ವಸತಿಯ ಬಗ್ಗೆ ಉತ್ತರ ಇನ್ನೂ ಬಂದಿಲ್ಲ. ಆ ಮಹಿಳೆಯ ಆರು ತಿಂಗಳ ಗಡುವು ಮೀರದಿರಲೆಂದು, ನೈರೋಬಿಯ ಅದೇ ವರ್ಕ್‌ಶಾಪಿನಲ್ಲಿ ಆಗಾಗ ಅವರಿಂದ ಒಂದು ಜೋಡಣೆ ಮಾಡಿಸಿ, ನಮ್ಮ ಇನ್‌ಸ್ಪೆಕ್ಟರ್ ಅದನ್ನು ನೋಡಿ ದಾಖಲೆಗೆ ಸಹಿ ಹಾಕುವ ವ್ಯವಸ್ಥೆ ಮಾಡಿಕೊಂಡಿದ್ದೇವೆ.